ಎಂಟು ಲ್ಯಾವೆಂಡರ್ ಮತ್ತು ಒಂದು ಚೊಂಬು ನೀರು

ಮೊದಲೇ ಹೇಳಿಬಿಡುತ್ತೇನೆ: ಮಳೆಗಾಲದಲ್ಲಿ ಲ್ಯಾವೆಂಡರ್ ಬಾಡಿದ್ದು ಕಂಡರೆ ನೀರು ಹಾಕಲು ಓಡಬೇಡಿ. ಈ ಒಂದು ಮಾತು ಸಮಯಕ್ಕೆ ನನ್ನ ತಲೆಗೆ ಹೋಗಿದ್ದರೆ ಎಂಟು ಗಿಡ ಬದುಕುತ್ತಿದ್ದವು. ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಮ್ಮ ಹೇಳಿದ್ದಳು, ನಾನು ಕೇಳಲಿಲ್ಲ.

ಜಮ್ಮುವಿನ ಭದರ್ವಾದಲ್ಲಿ ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಹಿಡಿದ ರೈತರ ಹೊಲಗಳನ್ನು ಟೀವಿಯಲ್ಲಿ ನೋಡಿದಾಗಿನಿಂದ ನನಗೆ ಆ ನೇರಳೆ ಬಣ್ಣದ್ದೇ ಧ್ಯಾನ. ಅಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಇಷ್ಟು ಯೋಚಿಸುವ ತಾಳ್ಮೆ ನನಗಿರಲಿಲ್ಲ. ನರ್ಸರಿಯವನು, "ಇಂಗ್ಲಿಷ್ ಲ್ಯಾವೆಂಡರ್ ಮೇಡಂ, ಒರಿಜಿನಲ್. ದಿನಾ ನೀರು ಹಾಕಿ, ಚೆನ್ನಾಗಿ ಬರುತ್ತೆ" ಎಂದ. ಪಕ್ಕದಲ್ಲೇ ಎಲೆಯ ಅಂಚು ಗರಗಸದ ಹಲ್ಲಿನಂತಿದ್ದ ಇನ್ನೊಂದು ಜಾತಿಯಿತ್ತು, ಡೆಂಟಾಟಾ. ನಮ್ಮ ಸೆಕೆ ಮತ್ತು ತೇವವನ್ನು ಹೆಚ್ಚು ತಡೆದುಕೊಳ್ಳುವುದು ಅದೇ. ಟೀವಿಯಲ್ಲಿ ಕಂಡ ಹಾಗಿಲ್ಲವೆಂದು ನಾನು ಅದನ್ನು ಮುಟ್ಟಲೂ ಇಲ್ಲ. ಒಂದಕ್ಕೆ 350 ರೂಪಾಯಿಯಂತೆ ಎಂಟು ಇಂಗ್ಲಿಷ್ ಗಿಡ ತಂದೆ. ಹಟ ನನ್ನದೇ, ಒಪ್ಪುತ್ತೇನೆ. ಆದರೆ ಗಿಡ ಮಾರುವವನಿಗೆ ಗಿಡದ ಗುಣ ಗೊತ್ತಿರಬೇಡವೇ? "ದಿನಾ ನೀರು" ಎಂದು ಹೇಳಿ ಕಳಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಪ್ಲಾಸ್ಟಿಕ್ ಕುಂಡ, ತುಂಬಾ ಕೋಕೊಪೀಟ್, ತಾರಸಿ ಗಲೀಜಾಗದಿರಲೆಂದು ಕೆಳಗೊಂದು ತಟ್ಟೆ. ಬೇಸಿಗೆ ಹೇಗೋ ಕಳೆಯಿತು. ಜುಲೈ ಕೊನೆಗೆ ಹಾಸನದಿಂದ ಅಮ್ಮ ಬಂದಳು. ಎಲೆಯೊಂದನ್ನು ಹಿಸುಕಿ ಮೂಸಿ, "ಇದು ತುಳಸಿ, ದೊಡ್ಡಪತ್ರೆ ಕಡೇದು ಕಣೇ. ದೊಡ್ಡಪತ್ರೆಗೆ ಹಾಕೋ ಹಂಗೆ ಹಾಕು ನೀರು. ಬುಡ ನೆಂದ್ರೆ ಕೊಳ್ತೋಗುತ್ತೆ" ಎಂದಳು. "ಸುಮ್ನಿರಮ್ಮ, ಇದು ಫಾರಿನ್ ಗಿಡ, ನಿಂಗೆ ಗೊತ್ತಾಗಲ್ಲ" ಎಂದೆ. ಮೂರೂ ಒಂದೇ ಸಸ್ಯಕುಟುಂಬದವು ಎಂದು ಆಮೇಲೆ ಓದಿದೆ.

ಆಗಸ್ಟ್‌ನಲ್ಲಿ ಐದು ದಿನ ಬಿಡದೆ ಜಡಿಮಳೆ. ಆರನೇ ದಿನ ಬಿಸಿಲು ಬಂತು. ತಾರಸಿಗೆ ಹೋದರೆ ಎಂಟೂ ಗಿಡಗಳ ತುದಿ ಜೋತುಬಿದ್ದಿವೆ. ಬಿಸಿಲಿಗೆ ಬಾಯಾರಿವೆ ಎಂದುಕೊಂಡು ಒಂದೊಂದಕ್ಕೂ ಒಂದು ಚೊಂಬು ನೀರು ಹಾಕಿದೆ. ಸಂಜೆಗೂ ಏಳಲಿಲ್ಲ, ಮತ್ತೊಂದು ಚೊಂಬು. ಮರುದಿನವೂ ಹಾಗೆಯೇ. ಮೂರನೇ ಬೆಳಿಗ್ಗೆ ಎಲೆಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ಮೂಲೆಯ ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎತ್ತಿದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಕೈಗೆ ಬಂತು. ಬಿಳಿಯಾಗಿರಬೇಕಾದ ಬೇರು ಕಂದಾಗಿತ್ತು. ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿಹೋಗಿ ದಾರದಂಥ ನಾರು ಉಳಿಯಿತು. ಚರಂಡಿಯ ವಾಸನೆ ಮೂಗಿಗೆ ಬಡಿಯಿತು. ಎರಡನೆಯದನ್ನು ಎತ್ತಿದೆ, ಮೂರನೆಯದನ್ನು ಎತ್ತಿದೆ. ಎಂಟೂ ಹೀಗೆಯೇ. ತಟ್ಟೆಗಳಲ್ಲಿ ಎರಡು ಬೆರಳು ನೀರು ನಿಂತು ಸೊಳ್ಳೆಮರಿ ಆಡುತ್ತಿದ್ದವು.

ಬೇರು ಕೊಳೆತ ಗಿಡ ನೀರು ಹೀರಲಾರದೆ ಬಾಡುತ್ತದೆ. ನೋಡಲು ಬಾಯಾರಿದ ಗಿಡದ ಹಾಗೆಯೇ ಕಾಣುತ್ತದೆ. ನಾನು ಮುಳುಗುತ್ತಿದ್ದವುಗಳ ಬಾಯಿಗೆ ಇನ್ನಷ್ಟು ನೀರು ಸುರಿದಿದ್ದೆ. ಅಮ್ಮ ಮೆಟ್ಟಿಲ ಬಳಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಆ ಚಳಿಗಾಲದಲ್ಲಿ ಎರಡು ಡೆಂಟಾಟಾ ತಂದೆ. ಈಗ ಮಾಡುವುದಿಷ್ಟು: ಮಣ್ಣಿನ ಕುಂಡ, ತಟ್ಟೆ ಇಲ್ಲ. ದಪ್ಪ ಮರಳು ಮತ್ತು ಸಣ್ಣ ಜಲ್ಲಿ ಸೇರಿ ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಗೊಬ್ಬರ ಒಂದೇ ಹಿಡಿ. ಲ್ಯಾವೆಂಡರ್‌ಗೆ ಹುಳಿ ಮಣ್ಣು ಆಗದು, ಅದಕ್ಕೆ ಒಂದು ಚಿಟಿಕೆ ಸುಣ್ಣ. ದಿನಕ್ಕೆ ಆರು ಗಂಟೆ ಬಿಸಿಲು. ಮಳೆಗಾಲದಲ್ಲಿ ಶೀಟಿನ ಕೆಳಗೆ, ಗಾಳಿಯಾಡುವಂತೆ ದೂರ ದೂರ. ಹೂ ಮುಗಿದ ಮೇಲೆ ಮೂರರಲ್ಲೊಂದು ಪಾಲು ಸವರುತ್ತೇನೆ. ಎಲೆಯಿಲ್ಲದ ಒಣ ಕಟ್ಟಿಗೆಗೆ ಕತ್ತರಿ ಹಾಕಿದರೆ ಮತ್ತೆ ಚಿಗುರುವುದು ಕಷ್ಟ. ಹೂವಿಲ್ಲದ ಎಳೆ ಕಡ್ಡಿಯನ್ನು ಮರಳಿನಲ್ಲಿ ನೆಟ್ಟರೆ ಬೇರು ಬರುತ್ತದೆ. ಹಾಗೆ ಎರಡು ಗಿಡ ಐದಾಗಿವೆ.

ಹೂವು ಪೂರ್ತಿ ಅರಳುವ ಮುಂಚೆ, ಇಬ್ಬನಿ ಆರಿದ ಮೇಲೆ ಕೊಯ್ದು, ಕಟ್ಟು ಕಟ್ಟಿ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕುತ್ತೇನೆ. ಒಣಗಿದ್ದನ್ನು ಹಳೇ ಪಂಚೆಯ ಚೀಲಗಳಲ್ಲಿ ತುಂಬಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೇನೆ. ಬೀರು ತೆರೆದರೆ ಈಗ ನುಸಿಗುಳಿಗೆಯ ಘಾಟಿಲ್ಲ. ಡೆಂಟಾಟಾದಲ್ಲಿ ಕರ್ಪೂರದ ವಾಸನೆ ಜಾಸ್ತಿ, ಚಹಾಕ್ಕೆ ಹಾಕಬೇಡಿ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಗಿಡವನ್ನೂ ಎಣ್ಣೆಯನ್ನೂ ಅವಕ್ಕೆ ಸಿಗದ ಹಾಗೆ ಇಡಿ, ಅವಕ್ಕದು ಒಗ್ಗದು.

ಮೊದಲ ಚೀಲವನ್ನು ಹಾಸನಕ್ಕೆ ಕಳಿಸಿದೆ. ಅಮ್ಮನ ಟ್ರಂಕಿನಲ್ಲಿ ಅದು ಇನ್ನೂ ಇದೆ.

ಚೊಂಬು ಎತ್ತುವ ಮುನ್ನ ಮಣ್ಣಿಗೆ ಎರಡು ಅಂಗುಲ ಬೆರಳು ಇಳಿಸಿ ನೋಡಿ. ಒದ್ದೆಯಿದ್ದರೆ ಚೊಂಬು ಅಲ್ಲೇ ಇಟ್ಟು ಕೆಳಗಿಳಿದು ಬನ್ನಿ.