ಪಿಂಗಾಣಿಗೂ ಪಾಲಿಮರಿಗೂ ಬೆಸುಗೆ

ಬಾವಿಯ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆಂದು ಹೇಳಲಾಗದು. ಗೊಬ್ಬರದ ಹಾಗೂ ಬಚ್ಚಲಿನ ನೀರು ಇಂಗಿ ಬಾವಿಯನ್ನು ಸೇರಿದರೆ ಅದರಲ್ಲಿ ನೈಟ್ರೇಟ್, ನೈಟ್ರೈಟ್ ಎಂಬ ಲವಣಗಳು ಬೆರೆಯುತ್ತವೆ. ಇವು ಮಿತಿಮೀರಿದರೆ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಇಂತಹ ವಸ್ತುವನ್ನು ಕೆಲವೇ ಹನಿ ನೀರಿನಲ್ಲಿ ಬೆಳಕಿನಿಂದ ಅಳೆಯುವ ಪುಟ್ಟ ಉಪಕರಣವನ್ನು ಕುರಿತು ಈ ಪಾಠದಲ್ಲಿ ತಿಳಿಯೋಣ.

ಉಪಕರಣದ ತತ್ತ್ವ

19ನೆಯ ಶತಮಾನದಲ್ಲಿ ಪೀಟರ್ ಗ್ರೀಸ್ ಎಂಬ ರಸಾಯನಜ್ಞನು ನೈಟ್ರೈಟಿನೊಡನೆ ಕೂಡಿ ನಸುಗೆಂಪು ಬಣ್ಣವನ್ನು ತಳೆಯುವ ದ್ರಾವಣವನ್ನು ಕಂಡುಹಿಡಿದನು. ನೈಟ್ರೈಟ್ ಹೆಚ್ಚಿದಷ್ಟೂ ಬಣ್ಣ ಗಾಢವಾಗುವುದು. ಈ ನೀರಿನ ಮೂಲಕ ಹಸಿರು ಬೆಳಕನ್ನು ಹಾಯಿಸಿದರೆ ಅದರ ಒಂದು ಭಾಗವು ಹೀರಲ್ಪಡುತ್ತದೆ. ಉಳಿದುದನ್ನು ಫೋಟೋಡಯೋಡ್ ಅಳೆಯುತ್ತದೆ. ಸೂಕ್ಷ್ಮ ಉಪಕರಣದಲ್ಲಿ ನೀರೂ ದ್ರಾವಣವೂ ಹರಿಯುವ ನಾಳಗಳು ಕೂದಲೆಳೆಯಷ್ಟು, ಇಲ್ಲವೆ ಅದರ ಕೆಲವು ಪಟ್ಟು ಅಗಲವಾಗಿರುತ್ತವೆ. ಬೆಳಕು ನಾಳಕ್ಕೆ ಅಡ್ಡಲಾಗಿ ಹಾಯ್ದರೆ ದಾರಿ ತೀರ ಚಿಕ್ಕದು, ಹೀರಿಕೆಯೂ ಅತ್ಯಲ್ಪ. ಆದುದರಿಂದ ಅನೇಕ ವೇಳೆ ನಾಳದ ಉದ್ದಕ್ಕೇ ಬೆಳಕನ್ನು ಕಳುಹಿಸುವರು.

ಎರಡು ವಸ್ತುಗಳೇಕೆ?

ಮೆತ್ತನೆಯ ಪಿಂಗಾಣಿ ಹಾಳೆಗಳನ್ನು ಕತ್ತರಿಸಿ, ಬೆಳ್ಳಿಯ ತಂತುಗಳನ್ನು ಅವುಗಳ ಮೇಲೆ ಅಚ್ಚೊತ್ತಿ, ಒಂದರ ಮೇಲೊಂದು ಜೋಡಿಸಿ, ಸುಮಾರು 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುವರು. ಹೀಗೆ ವಿದ್ಯುತ್ ತಂತುಗಳನ್ನೂ ಕಾಯಿಸುವ ಅಂಗವನ್ನೂ ಒಡಲಿನಲ್ಲೇ ಹೊತ್ತ ಗಟ್ಟಿ ಫಲಕವು ಸಿದ್ಧವಾಗುತ್ತದೆ. ಆದರೆ ಅದರ ಮೂಲಕ ಬೆಳಕು ಹಾಯದು. ಪಿಡಿಎಂಎಸ್ ಎಂಬ ಸಿಲಿಕೋನ್ ಪಾಲಿಮರಾದರೋ ಗಾಜಿನಂತೆ ಪಾರದರ್ಶಕ. ಅಚ್ಚಿನಲ್ಲಿ ಎರೆದು ನಾಳಗಳನ್ನು ಸುಲಭವಾಗಿ ಮೂಡಿಸಬಹುದು. ಆದರೆ ಅದು ರಬ್ಬರಿನಂತೆ ಮೆದು. ಆದಕಾರಣ ಪಿಂಗಾಣಿಯೇ ನೆಲ, ಪಾಲಿಮರೇ ಕಿಟಕಿ.

ಬೆಸುಗೆಯ ಕ್ರಮ

ಇವನ್ನು ಅಂಟಿನಿಂದ ಜೋಡಿಸಿದರೆ ಅಂಟು ಹರಿದು ನಾಳವನ್ನೇ ಮುಚ್ಚಬಹುದು. ಅದೂ ಅಲ್ಲದೆ ಸಿಲಿಕೋನಿಗೆ ಸಾಮಾನ್ಯ ಅಂಟು ಹಿಡಿಯದು. ಅದರ ಮೈಮೇಲಿನ ಮೀಥೈಲ್ ಗುಂಪುಗಳು ಯಾವುದರೊಡನೆಯೂ ಬೇಗ ಕೂಡುವುದಿಲ್ಲ. ಪಿಂಗಾಣಿಯ ಮೈಯೋ ಒರಟು. ಆದುದರಿಂದ ಮೊದಲು ಪಿಂಗಾಣಿಗೆ ತೆಳುವಾದ ಗಾಜಿನ ಲೇಪವನ್ನು ಕೊಟ್ಟು ಸುಟ್ಟು ನಯಗೊಳಿಸುವರು. ಅನಂತರ ಎರಡು ಮೈಗಳನ್ನೂ ಸ್ವಲ್ಪ ಹೊತ್ತು ಆಮ್ಲಜನಕದ ಪ್ಲಾಸ್ಮಾಕ್ಕೆ, ಅಂದರೆ ವಿದ್ಯುದಾವೇಶವುಳ್ಳ ಅನಿಲಕ್ಕೆ, ಒಡ್ಡುವರು. ಆಗ ಮೀಥೈಲ್ ಗುಂಪುಗಳು ಹೋಗಿ ಆ ಸ್ಥಾನದಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ನೆಲೆಸುತ್ತವೆ. ಕೂಡಲೆ ಎರಡನ್ನೂ ಒತ್ತಿ ಹಿಡಿದರೆ ನೀರಿನ ಅಣುಗಳು ಹೊರಬಿದ್ದು, ಸಿಲಿಕಾನ್–ಆಮ್ಲಜನಕ–ಸಿಲಿಕಾನ್ ಎಂಬ ಸೇತುವೆಗಳು ಕಟ್ಟಿಕೊಳ್ಳುತ್ತವೆ. ತಡಮಾಡಿದರೆ ಪಾಲಿಮರಿನ ಮೈ ಮತ್ತೆ ಹಳೆಯ ಗುಣಕ್ಕೆ ತಿರುಗುತ್ತದೆ.

ಬೆಸುಗೆ ಸಡಿಲವಾದರೆ ದ್ರವ ಸೋರುವುದು, ಗಾಳಿಯ ಗುಳ್ಳೆ ನುಗ್ಗುವುದು. ಗುಳ್ಳೆಯು ಬೆಳಕನ್ನು ಚದುರಿಸಿ ಲೆಕ್ಕವನ್ನು ಕೆಡಿಸುವುದು. ಕೆಟ್ಟ ನೀರನ್ನು ಒಳ್ಳೆಯದೆಂದು ಹೇಳುವ ಉಪಕರಣಕ್ಕಿಂತ ಉಪಕರಣವೇ ಇಲ್ಲದಿರುವುದು ಲೇಸು. ಆದಕಾರಣವೇ ಬಣ್ಣದ ನೀರನ್ನು ಒತ್ತಡದಿಂದ ಹರಿಸಿ, ಬೆಸುಗೆಯನ್ನು ಮೊದಲೇ ಪರೀಕ್ಷಿಸುವರು.

ಮನೆಯಲ್ಲಿ ಮಾಡಿ ನೋಡಿರಿ

ಎರಡು ಗಾಜಿನ ತಟ್ಟೆಗಳನ್ನು ಸೀಗೆಪುಡಿಯಿಂದ ಚೆನ್ನಾಗಿ ತೊಳೆದು ಒಣಗಿಸಿರಿ. ಒಂದಕ್ಕೆ ಎಣ್ಣೆಯನ್ನು ಸವರಿರಿ. ಎರಡರ ಮೇಲೂ ಒಂದೊಂದು ಹನಿ ನೀರನ್ನು ಬಿಡಿರಿ. ಯಾವುದರ ಮೇಲೆ ಹನಿ ಹೆಚ್ಚು ಹರಡಿತು? ಪ್ಲಾಸ್ಮಾ ತಾಗಿದ ಪಾಲಿಮರಿನ ಮೇಲೆ ಹನಿ ಹೇಗಿರಬಹುದು? ಕಾರಣವನ್ನು ಬರೆದು ತಂದೆತಾಯಿಯರಿಗೆ ಓದಿ ಹೇಳಿರಿ.