ಬಿದರಿ ವಸ್ತುವಿನ ಬೆಲೆಯಲ್ಲಿ ಬೆಳ್ಳಿ, ದುಡಿಮೆ ಮತ್ತು ಹೆಸರು

ಚೀನದ ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್ ಊರಿನ ಮಣ್ಣಿನ ಚಹಾ ಕೆಟಲಿಗಳಿಗೆ ಹೊಳಪಿನ ಲೇಪನವಿರುವುದಿಲ್ಲ; ಅವುಗಳ ಬಣ್ಣ ಅಲ್ಲಿಯ ಮಣ್ಣಿನದೇ. 19ನೆಯ ಶತಮಾನದ ಆರಂಭದಲ್ಲಿ ಚೆನ್ ಮನ್‌ಶೆಂಗ್ ಎಂಬ ವಿದ್ವಾಂಸ-ಅಧಿಕಾರಿಯು ಆಕಾರಗಳನ್ನು ರೂಪಿಸಿಕೊಟ್ಟು, ಕುಶಲಕರ್ಮಿ ಯಾಂಗ್ ಪೆಂಗ್‌ನಿಯನ್ ತಯಾರಿಸಿದ ಕೆಟಲಿಗಳು ಇಂದಿಗೂ ಸಂಗ್ರಾಹಕರಿಗೆ ಅಚ್ಚುಮೆಚ್ಚು. ತಯಾರಕನ ಮುದ್ರೆ ಅಲ್ಲಿ ಬೆಲೆಯ ಒಂದು ಭಾಗವೇ ಆಗಿದೆ.

ನಮ್ಮ ಬೀದರಿನಲ್ಲಿಯೂ ಮಣ್ಣೇ ಕರಕುಶಲತೆಯ ಜೀವಾಳ. ಹೆಚ್ಚು ಸತು, ಅಲ್ಪ ತಾಮ್ರ ಬೆರೆಸಿದ ಲೋಹವನ್ನು ಎರಕ ಹೊಯ್ದು, ಅರದಿಂದ ನುಣುಪುಗೊಳಿಸಿ, ಮೈಲುತುತ್ತದ ದ್ರಾವಣ ಸವರುತ್ತಾರೆ. ಆಗ ಮೂಡುವ ತಾತ್ಕಾಲಿಕ ಕಪ್ಪಿನ ಮೇಲೆ ಗೀರಿದ ಚಿತ್ರ ಕಣ್ಣಿಗೆ ಸ್ಪಷ್ಟವಾಗುತ್ತದೆ. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸಲಾಗುತ್ತದೆ. ಕೊನೆಗೆ ಹದವಾಗಿ ಕಾಯಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಉಜ್ಜಿದಾಗ ಲೋಹ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಿಳುಪಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ನಡೆದ ಮೇಲೆ ಬಿಲ್ಲಿನಲ್ಲಿ ‘ಬಿದರಿ ಹೂದಾನಿ, ಒಂದು’ ಎಂದಷ್ಟೇ ಬರೆಯುವುದು ಲೆಕ್ಕಶಾಸ್ತ್ರಕ್ಕೆ ಒಗ್ಗುವ ಮಾತಲ್ಲ. ಕುಶಲಕರ್ಮಿಗೆ 20 ಗ್ರಾಂ ಬೆಳ್ಳಿ ಕೊಟ್ಟು 3 ಗ್ರಾಂ ತುಣುಕು ಹಿಂದಿರುಗಿತೆಂದು ಭಾವಿಸೋಣ. ಅಂದರೆ ವಸ್ತುವಿನೊಳಗೆ ಹೋದದ್ದು 17 ಗ್ರಾಂ. ಈ ತೂಕವನ್ನು ದಾಸ್ತಾನು ಪುಸ್ತಕದಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ಇಲ್ಲವಾದರೆ 2025ರಂತೆ ಬೆಳ್ಳಿಯ ದರ ತೀವ್ರವಾಗಿ ಏರಿದಾಗ ಹಳೆಯ ದರಕ್ಕೇ ಮಾರಿದವನಿಗೆ ಲಾಭವೆಂದು ಕಾಣುವುದು ವಾಸ್ತವದಲ್ಲಿ ಬಂಡವಾಳದ ಕರಗುವಿಕೆ. ಆ ಕೊರತೆ ಬಹುತೇಕ ಕೆಲಸಗಾರನ ಕೂಲಿಯ ಮೇಲೆಯೇ ಬೀಳುತ್ತದೆಂಬುದು ನನ್ನ ಅಭಿಪ್ರಾಯ.

ಇನ್ನು ಹೆಸರಿನ ವಿಚಾರ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಗೌರವ ಬಂದಿತೆಂದು ಸುಮ್ಮನಿರುವಂತಿಲ್ಲ. 1999ರ ಕಾಯಿದೆಯಂತೆ ನೋಂದಣಿಯ ಅವಧಿ 10 ವರ್ಷ, ಬಳಿಕ ನವೀಕರಣ ಅಗತ್ಯ. ಉತ್ಪಾದಕರು ‘ಅಧಿಕೃತ ಬಳಕೆದಾರ’ರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು; ನಕಲು ಮಾರುವವರ ವಿರುದ್ಧ ಪರಿಹಾರ ಕೇಳುವ ಹಕ್ಕು ಅವರಿಗೂ ಉಂಟು. ಆದರೆ ಈ ಹಕ್ಕನ್ನು ಮಾರಲಾಗದು, ಬ್ಯಾಂಕಿಗೆ ಅಡವಿಡಲೂ ಆಗದು (24ನೆಯ ಕಲಮು). ಆದ್ದರಿಂದ ಸಾಲದ ಅರ್ಜಿಯಲ್ಲಿ ಇದನ್ನು ಭದ್ರತೆಯೆಂದು ತೋರಿಸುವುದು ವ್ಯರ್ಥ.

ಚಿದ್ರಿ, ಭಾಲ್ಕಿ, ಔರಾದ್‌ಗಳ ವರ್ತಕ ಬಂಧುಗಳು ಮಾಲು ಖರೀದಿಸುವಾಗ ಮೂರು ಸಂಗತಿಗಳನ್ನು ಬಿಲ್ಲಿನಲ್ಲಿಯೇ ಕೇಳಿ ಬರೆಯಿಸಿಕೊಳ್ಳುವುದು ಲೇಸು: ಬೆಳ್ಳಿಯ ತೂಕ, ತಯಾರಿಕೆಯ ಕೂಲಿ, ಅಧಿಕೃತ ಬಳಕೆದಾರರ ನೋಂದಣಿ ಸಂಖ್ಯೆ. ವಸ್ತುವಿನ ತಳದಲ್ಲಿ ತಯಾರಕನ ಹೆಸರು ಕೊರೆಯಲು ಹೆಚ್ಚು ಸಮಯವೇನೂ ಬೇಕಾಗದು.