ಪುರಾವೆ ಯಾವ ಪುಟದಲ್ಲಿದೆ?

ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಿದ್ದ ನನ್ನ ತಮ್ಮನಿಗೆ ಸುಲಿಗೆ ಪ್ರಕರಣದಲ್ಲಿ ಎರಡು ವರ್ಷ ಸಜೆಯಾದಾಗ ವಿಜಯಪುರ ಕಡೆಯ ಇಂಡಿಯಿಂದ ಬಂದ ಹಿರಿಯರೆಲ್ಲ ಹೇಳಿದ್ದು ಒಂದೇ ಮಾತು: “ನಮ್ಮ ಹುಡುಗ ಅಂಥಾಂವ ಅಲ್ಲ, ಸಾಹೇಬ್ರಿಗೆ ಕೈಮುಗದು ಹೇಳೂಣು.” ಅಪೀಲು ಹಿಡಿದ ವಕೀಲರು ಕೇಳಿದ್ದೇ ಬೇರೆ. ಸಾಕ್ಷಿ ಹೇಳಿಕೆ, ಪಂಚನಾಮೆ, ತೀರ್ಪು ಎಲ್ಲವನ್ನೂ ತನ್ನಿ, ಅಪರಾಧ ಸಾಬೀತಾಗಿದ್ದು ಯಾವ ಪುಟದಲ್ಲಿ ಎಂದು ನೋಡೋಣ ಎಂದರು.

ನಮ್ಮದರಂತೆ ಮ್ಯಾಜಿಸ್ಟ್ರೇಟ್ ತೀರ್ಪಾದರೆ ಅಪೀಲಿಗೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನ ಅವಧಿ. ಸೆಷನ್ಸ್ ತೀರ್ಪಾದರೆ ಮುಂಬೈ ಹೈಕೋರ್ಟಿಗೆ 60 ದಿನ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಪುಕ್ಕಟೆ ಸಿಗಬೇಕು.

ಕಾಗದಗಳೆಲ್ಲ ಮರಾಠಿಯಲ್ಲಿದ್ದವು. ಸಂಜೆ ಕೂತು ಒಂದೊಂದೇ ಸಾಲನ್ನು ಕನ್ನಡಕ್ಕೆ ಮಾಡಿಕೊಂಡು ತಮ್ಮನಿಗೆ ಹೇಳುತ್ತಿದ್ದೆ. ಆಗಲೇ ಕೇಸು ಎಷ್ಟು ಟೊಳ್ಳು ಎಂಬುದು ತಿಳಿದದ್ದು. ಬೈಕಿನಲ್ಲಿ ಬಂದ ಇಬ್ಬರು ಕತ್ತಲಲ್ಲಿ ಒಬ್ಬ ಕಾರ್ಮಿಕನನ್ನು ಬೆದರಿಸಿ ಮೊಬೈಲ್ ಕಸಿದಿದ್ದರು. ಬೀದಿದೀಪ ಇರಲಿಲ್ಲ ಎಂದು ಆತನೇ ಪಾಟೀಸವಾಲಿನಲ್ಲಿ ಒಪ್ಪಿದ್ದ. ಗುರುತು ಪತ್ತೆ ಪೆರೇಡ್ ನಡೆಯುವ ಮೊದಲೇ ನನ್ನ ತಮ್ಮನನ್ನು ಠಾಣೆಯಲ್ಲಿ ಕಂಡಿದ್ದಾಗಿಯೂ ಹೇಳಿದ್ದ. ಅಂಥ ಪೆರೇಡಿಗೆ ಬೆಲೆ ಏನು? ಮೊಬೈಲ್ ಜಪ್ತಿಯಾದ ಕೋಣೆಯಲ್ಲಿ ನಾಲ್ವರು ಹುಡುಗರು ಇರುತ್ತಿದ್ದರು. ಜಪ್ತಿ ಪಂಚನಾಮೆಗೆ ಪಂಚನೊಬ್ಬ ಸಹಿ ಮಾಡಿದ್ದು ಆ ಕೋಣೆಯಲ್ಲಲ್ಲ, ಠಾಣೆಯಲ್ಲಿ. ಖರೀದಿ ಬಿಲ್ಲಿನಲ್ಲಿ ಮೊಬೈಲನ್ನು ಗುರುತಿಸುವ ಐಎಂಇಐ ಸಂಖ್ಯೆಯೇ ಇರಲಿಲ್ಲ. ಸಿಕ್ಕ ಮೊಬೈಲ್ ಕಸಿದದ್ದೇ ಎನ್ನಲು ಆಧಾರ ಏನೂ ಉಳಿಯಲಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ವಿಷಯ ಇನ್ನೊಂದು. ಕಳವಿಗಾಗಿ ಹೊಡೆದರೆ, ತಡೆದು ಹಿಡಿದರೆ, ಹೆದರಿಸಿದರೆ ಮಾತ್ರ ಅದು ಸುಲಿಗೆ. ಕದ್ದ ಮಾಲು ಒಬ್ಬನ ಬಳಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಬೆದರಿಸಿದವನು ಅವನೇ ಎಂಬುದು ಅಷ್ಟರಿಂದಲೇ ರುಜುವಾಗುವುದಿಲ್ಲ. ಅದಕ್ಕೆ ಬೇರೆ ಪುರಾವೆ ಬೇಕು, ಆ ಪುರಾವೆ ನಂಬುವಂತಿರಬೇಕು. ಪುಣೆಯಲ್ಲೇ ನಡೆದ ಘಟನೆಯ ಮೇಲೆ 1984ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪನ್ನು ವಕೀಲರು ಮುಂದಿಟ್ಟರು. ಅದು ಕೊಲೆ ಪ್ರಕರಣ. ಆದರೆ ಸಂಶಯ ಎಷ್ಟೇ ಬಲವಾಗಿದ್ದರೂ ಪುರಾವೆಯ ಜಾಗ ತುಂಬಲಾರದು ಎಂಬ ಅದರ ತತ್ವ ನಮ್ಮ ಕೇಸಿಗೂ ಅನ್ವಯಿಸುತ್ತಿತ್ತು.

ಅಪೀಲಿನಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿ ಕರೆಯುವುದಿಲ್ಲ, ಹಳೆಯ ಕಡತವನ್ನೇ ಮತ್ತೆ ತೂಗುತ್ತಾರೆ. ಹಾಗಾಗಿ ಕೆಳಗಿನ ಕೋರ್ಟಿನಲ್ಲಿ ಪಾಟೀಸವಾಲು ಚೆನ್ನಾಗಿ ಆಗಿರಬೇಕು. ನಮ್ಮದರಲ್ಲಿ ಅದು ಆಗಿತ್ತು, ಉಳಿಸಿದ್ದು ಅದೇ. ಸೆಷನ್ಸ್ ನ್ಯಾಯಾಲಯ ಸಂಶಯದ ಲಾಭ ಕೊಟ್ಟು ಶಿಕ್ಷೆ ರದ್ದು ಮಾಡಿತು.

ನಮ್ಮದು ಹಳೆಯ ಭಾರತೀಯ ದಂಡ ಸಂಹಿತೆಯ 392ನೇ ಕಲಮು. 2024ರ ಜುಲೈ 1ರಿಂದ ಈಚಿನ ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯ 309 ಬಂದಿದೆ. ಪುರಾವೆ ತೂಗುವ ರೀತಿ ಬದಲಾಗಿಲ್ಲ. ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ದುಡಿಯಲು ಬಂದವರೇ, ಮನೆಯವರು ಯಾರಾದರೂ ಒಳಗಿದ್ದರೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರನ್ನು ಕೇಳುವ ಹಕ್ಕು 1987ರ ಕಾಯ್ದೆಯಲ್ಲೇ ಇದೆ. ಜೈಲಿನಿಂದಲೇ ಅರ್ಜಿ ಕೊಡಿಸಿ, ಅವಧಿ ಮುಗಿಯುವ ಮೊದಲೇ ಕೊಡಿಸಿ.